ಫಸ್ಟ್ ಕ್ಲಾಸ್ ಡಬ್ಬಿ, ನಾಲ್ಕು ಕಾರ್ಡು: ವಿಕಾಸ ನಮ್ಮ ಬುದ್ಧಿಯನ್ನು ತಿದ್ದಿದ್ದನ್ನು ಸಭೆಗೆ ತೋರಿಸುವುದು ಹೇಗೆ?

ಸಾಯನ್_ಸಂಜೆ

ಇಲ್ಲಿ ಮುಂಬಯಿಯ ಕನ್ನಡ ಸಂಘವೊಂದರಲ್ಲಿ ಮುಂದಿನ ತಿಂಗಳು 45 ನಿಮಿಷದ ಕಾರ್ಯಕ್ರಮ ಇದೆ. ವಿಷಯ, ವಿಕಾಸವಾದ ಮತ್ತು ನಮ್ಮ ಮನಸ್ಸು. ಸುಮಾರು 60 ಜನ ಬರಬಹುದು, ಕಾಲೇಜು ಮಕ್ಕಳಿಂದ ಹಿಡಿದು ನಿವೃತ್ತರ ತನಕ. ಆಮೇಲೆ ಇದನ್ನೇ ಪುಣೆಯಲ್ಲೂ ಗೋವಾದ ವಾಸ್ಕೋದಲ್ಲೂ ಮಾಡುವುದಿದೆ. ಬರೀ ಭಾಷಣ ಬೇಡ, ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ 1966ರಲ್ಲಿ ಮುಂದಿಟ್ಟ ನಾಲ್ಕು ಕಾರ್ಡಿನ ಒಗಟನ್ನು ಸಭೆಯ ಕೈಗೇ ಕೊಡೋಣ ಅಂತ ಯೋಚನೆ. ಈಗ ಎರಡು ಹಾಳೆ ತಯಾರಾಗಿವೆ.

ಹಾಳೆ 1: ಪ್ರತಿ ಕಾರ್ಡಿನ ಒಂದು ಬದಿ ಅಕ್ಷರ, ಇನ್ನೊಂದು ಬದಿ ಅಂಕಿ. "ಒಂದು ಬದಿ ಸ್ವರ ಇದ್ದರೆ ಇನ್ನೊಂದು ಬದಿ ಸಮ ಸಂಖ್ಯೆ ಇರುತ್ತದೆ." ಮೇಲೆ ಕಾಣುವುದು ಅ, ಕ, 4, 7. ನಿಯಮ ನಿಜವೋ ಸುಳ್ಳೋ ತಿಳಿಯಲು ಯಾವ ಯಾವ ಕಾರ್ಡು ತಿರುಗಿಸಲೇಬೇಕು?

ಹಾಳೆ 2: ಪ್ರತಿ ಕಾರ್ಡು ಲೋಕಲ್ ರೈಲಿನ ಒಬ್ಬ ಪ್ರಯಾಣಿಕ. ಒಂದು ಬದಿ ಅವನು ಕೂತ ಡಬ್ಬಿ, ಇನ್ನೊಂದು ಬದಿ ಅವನ ಪಾಸ್. "ಫಸ್ಟ್ ಕ್ಲಾಸ್ ಡಬ್ಬಿಯಲ್ಲಿ ಕೂತರೆ ಫಸ್ಟ್ ಕ್ಲಾಸ್ ಪಾಸ್ ಇರಬೇಕು." ಕಾಣುವುದು ಫಸ್ಟ್ ಕ್ಲಾಸ್ ಡಬ್ಬಿ, ಸೆಕೆಂಡ್ ಕ್ಲಾಸ್ ಡಬ್ಬಿ, ಫಸ್ಟ್ ಕ್ಲಾಸ್ ಪಾಸ್, ಸೆಕೆಂಡ್ ಕ್ಲಾಸ್ ಪಾಸ್. ಟಿಕೆಟ್ ನೋಡುವ ಟಿಸಿ ಯಾರನ್ನು ವಿಚಾರಿಸಬೇಕು?

ಮೊದಲನೆಯದಕ್ಕೆ ಸರಿಯುತ್ತರ ಅ ಮತ್ತು 7. 7ರ ಹಿಂದೆ ಸ್ವರ ಇದ್ದರೆ ನಿಯಮ ಮುರಿಯುತ್ತದೆ, 4ರ ಹಿಂದೆ ಏನಿದ್ದರೂ ಮುರಿಯುವುದಿಲ್ಲ. ಹೆಚ್ಚಿನವರು ಅ ಮತ್ತು 4 ಅನ್ನುತ್ತಾರೆ. ಎರಡನೆಯದರಲ್ಲಿ ಫಸ್ಟ್ ಕ್ಲಾಸ್ ಡಬ್ಬಿ ಮತ್ತು ಸೆಕೆಂಡ್ ಕ್ಲಾಸ್ ಪಾಸ್, ಇದನ್ನು ಹೆಚ್ಚಿನವರು ಕಣ್ಣುಮುಚ್ಚಿ ಹೇಳುತ್ತಾರೆ. ತರ್ಕ ಎರಡಕ್ಕೂ ಒಂದೇ. ಇಲ್ಲಿಗೆ ಬಂದು "ನೋಡಿ, ಮೋಸ ಹಿಡಿಯುವ ಯಂತ್ರವನ್ನು ವಿಕಾಸ ನಮ್ಮ ತಲೆಯಲ್ಲಿ ಕೂರಿಸಿದೆ" ಅಂತ ಮುಗಿಸುವುದು ನನ್ನ ಲೆಕ್ಕ.

ಕೊನೆಯ ಮಾತು ನಿಲ್ಲುತ್ತದೆಯೇ? ಹಾಳೆಗಳಲ್ಲಿ ಏನು ಕೆಡಬಹುದು? 60 ಜನ ಸಾಕೇ?

---

ಡೊಂಬಿವಲಿ_ಸ್ಲೋ

ಕೊನೆಯ ಮಾತು ನಿಲ್ಲುವುದಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯಿತು.

ನಿಮ್ಮ ಎರಡು ಹಾಳೆಗಳ ನಡುವೆ ಬದಲಾಗಿರುವುದು ಒಂದಲ್ಲ, ನಾಲ್ಕು ಸಂಗತಿ. ಒಂದರಲ್ಲಿ ಅರ್ಥವಿಲ್ಲದ ಅಕ್ಷರ, ಇನ್ನೊಂದರಲ್ಲಿ ಕಣ್ಣಿಗೆ ಕಟ್ಟುವ ಡಬ್ಬಿ. ಒಂದು ಯಾರೂ ಕೇಳದ ನಿಯಮ, ಇನ್ನೊಂದು ಮುಂಬಯಿಯವರಿಗೆ ದಿನವೂ ಎದುರಾಗುವ ನಿಯಮ. ಒಂದರಲ್ಲಿ ನಿಯಮವೇ ನಿಜವೋ ಸುಳ್ಳೋ ಅಂತ ನೋಡುತ್ತೀರಿ, ಇನ್ನೊಂದರಲ್ಲಿ ನಿಯಮವನ್ನು ಒಪ್ಪಿಕೊಂಡು ಮುರಿದವನನ್ನು ಹುಡುಕುತ್ತೀರಿ. ಕೊನೆಗೆ, ಎರಡನೆಯದರಲ್ಲಿ ಮಾತ್ರ ಒಬ್ಬ ದುಡ್ಡು ಕೊಡದೆ ಸುಖ ಪಡೆಯುತ್ತಿದ್ದಾನೆ. ನಾಲ್ಕೂ ಒಟ್ಟಿಗೆ ಬದಲಾದ ಮೇಲೆ ಫಲಕ್ಕೆ ಕಾರಣ ನಾಲ್ಕನೆಯದೇ ಅನ್ನುವುದಕ್ಕೆ ಆಧಾರವೇನು? "ಟಿಸಿ ಮಾಡುವುದನ್ನು ನೋಡಿದ್ದೇನೆ, ಅದನ್ನೇ ಬರೆದೆ" ಅಂತ ಒಬ್ಬರು ಎದ್ದು ಹೇಳಿದರೆ ಮುಗಿಯಿತು.

ಈ ಜಗಳ ಹಳೆಯದು. 1982ರಲ್ಲಿ ಗ್ರಿಗ್ಸ್ ಮತ್ತು ಕಾಕ್ಸ್ ಫ್ಲಾರಿಡಾದ ವಿದ್ಯಾರ್ಥಿಗಳಿಗೆ "ಬಿಯರ್ ಕುಡಿಯುತ್ತಿದ್ದರೆ 19 ದಾಟಿರಬೇಕು" ಎಂಬ ಹಾಳೆ ಕೊಟ್ಟರು. ಸುಮಾರು ಮುಕ್ಕಾಲು ಪಾಲು ಜನ ಸರಿ ಹೇಳಿದರು. ಅಕ್ಷರ-ಅಂಕಿಯ ಹಾಳೆಯಲ್ಲಿ ಸಾಮಾನ್ಯವಾಗಿ ಹತ್ತರಲ್ಲಿ ಒಬ್ಬರೂ ಸರಿಯಾಗುವುದಿಲ್ಲ. ಆದರೆ ಅದು ಅಲ್ಲಿನ ಕಾನೂನು, ಅವರಿಗೆ ಮೊದಲೇ ಗೊತ್ತಿದ್ದದ್ದು. ಮನಶ್ಶಾಸ್ತ್ರಜ್ಞೆ ಲೀಡಾ ಕಾಸ್ಮಿಡಿಸ್ 1989ರಲ್ಲಿ ಈ ಗಂಟನ್ನು ಬಿಡಿಸಲು ಯಾರೂ ಕೇಳಿರದ ನಿಯಮ ತಂದರು: ಮರಗೆಣಸು ತಿನ್ನುವ ಗಂಡಸಿನ ಮುಖದ ಮೇಲೆ ಹಚ್ಚೆ ಇರಬೇಕು. ಅದಕ್ಕೊಂದು ಕಥೆ ಹೇಳಿ, ಮರಗೆಣಸನ್ನು ಎಲ್ಲರೂ ಬಯಸುವ ವಸ್ತುವನ್ನಾಗಿ ಮಾಡಿದರು. ಸರಿಯುತ್ತರ ನೂರಕ್ಕೆ 70ರ ಆಸುಪಾಸಿಗೆ ಬಂತು. ಅದೇ ನಿಯಮವನ್ನು ಒಂದು ಊರಿನ ವರದಿಯ ಹಾಗೆ ಹೇಳಿದಾಗ ಬಹಳ ಕೆಳಗೆ ಬಿತ್ತು.

ಅದನ್ನು ಹಾಗೇ ಅನುವಾದಿಸಬೇಡಿ. ಸಾಬೂದಾಣಿ ಖಿಚಡಿಯ ಊರಿನಲ್ಲಿ ಮರಗೆಣಸನ್ನು ದುರ್ಲಭ ವಸ್ತು ಅಂದರೆ ನಗುತ್ತಾರೆ, ಸಾಬೂದಾಣಿ ಬರುವುದೇ ಅದರಿಂದ. ಕಾಡುಜೇನು ಇಟ್ಟುಕೊಳ್ಳಿ.

ಹಾಳೆ ಅ (ವರದಿ): "ಒಂದು ದ್ವೀಪ. ಅದರ ಪೂರ್ವಭಾಗದಲ್ಲಿ ಮಾತ್ರ ಜೇನು ಸಿಗುತ್ತದೆ. ಮಣಿಕಟ್ಟಿಗೆ ನೀಲಿ ದಾರ ಕಟ್ಟುವ ಪದ್ಧತಿಯೂ ಪೂರ್ವದವರದು. ಅಲ್ಲಿ ಹೋಗಿ ಬಂದವನೊಬ್ಬ ಹೇಳುತ್ತಾನೆ: ಜೇನು ತಿನ್ನುವವರ ಮಣಿಕಟ್ಟಿನಲ್ಲಿ ನೀಲಿ ದಾರ ಇರುತ್ತದೆ. ಅವನ ಮಾತು ನಿಜವೇ?"

ಹಾಳೆ ಆ (ಒಪ್ಪಂದ): "ಒಂದು ದ್ವೀಪ. ಅಲ್ಲಿ ಜೇನು ಅಪರೂಪ, ಎಲ್ಲರಿಗೂ ಅದರ ಆಸೆ. ಊರ ಕೆರೆಯ ಹೂಳೆತ್ತಲು ಬಂದವರ ಮಣಿಕಟ್ಟಿಗೆ ಮಾತ್ರ ನೀಲಿ ದಾರ ಕಟ್ಟುತ್ತಾರೆ. ಊರಿನ ಕಟ್ಟಳೆ: ಜೇನು ತಿನ್ನುವವರ ಮಣಿಕಟ್ಟಿನಲ್ಲಿ ನೀಲಿ ದಾರ ಇರಬೇಕು. ಯಾರಾದರೂ ಕಟ್ಟಳೆ ಮುರಿದಿದ್ದಾರೆಯೇ?"

ಎರಡಕ್ಕೂ ಕಾರ್ಡು ಅವೇ ನಾಲ್ಕು: ಜೇನು ತಿಂದ, ಜೇನು ತಿನ್ನಲಿಲ್ಲ, ದಾರ ಇದೆ, ದಾರ ಇಲ್ಲ. ದಾರ ಕೆಂಪಾಗದಿರಲಿ. ನಮ್ಮವರ ಕೈಯಲ್ಲಿ ದೇವಸ್ಥಾನದ ಕೆಂಪು ದಾರ ಇದ್ದೇ ಇರುತ್ತದೆ, ಹಾಳೆ ನೋಡುವುದು ಬಿಟ್ಟು ಪಕ್ಕದವರ ಕೈ ನೋಡುತ್ತಾರೆ.

ಹಾಳೆ ಇ (ತಿರುವು): ಕಥೆ 'ಆ'ದ್ದೇ. ಕಟ್ಟಳೆಯನ್ನು ಮಾತ್ರ ಹಿಂದುಮುಂದು ಮಾಡಿ: "ಮಣಿಕಟ್ಟಿನಲ್ಲಿ ನೀಲಿ ದಾರ ಇದ್ದರೆ ಅವರು ಜೇನು ತಿನ್ನುತ್ತಾರೆ."

ಇಡೀ ಆಟದ ಪ್ರಾಣ ಇರುವುದು ಈ 'ಇ'ಯಲ್ಲಿ. ಶುದ್ಧ ತರ್ಕದ ಪ್ರಕಾರ ಇಲ್ಲಿ ತಿರುಗಿಸಬೇಕಾದ್ದು 'ದಾರ ಇದೆ' ಮತ್ತು 'ಜೇನು ತಿನ್ನಲಿಲ್ಲ'. ಆದರೆ ಕಾಸ್ಮಿಡಿಸ್ ಇಂಥ ತಿರುವು ಕೊಟ್ಟಾಗ ಹೆಚ್ಚಿನವರು ಆರಿಸಿದ್ದು 'ದಾರ ಇಲ್ಲ' ಮತ್ತು 'ಜೇನು ತಿಂದ' ಇವಕ್ಕೆ ಸಮನಾದ ಕಾರ್ಡುಗಳನ್ನು. ಪಠ್ಯಪುಸ್ತಕದ ತರ್ಕಕ್ಕೆ ತಪ್ಪು, ಪುಕ್ಕಟೆ ತಿಂದವನನ್ನು ಹಿಡಿಯಲು ಸರಿ. ಕಥೆ ಚೆನ್ನಾಗಿದ್ದರೆ ತರ್ಕ ಚುರುಕಾಗುತ್ತದೆ ಎಂಬ ವಾದ ಇಲ್ಲಿ ಬೀಳುತ್ತದೆ, ಯಾಕೆಂದರೆ ತರ್ಕ ಚುರುಕಾಗಿದ್ದರೆ ಈ ಉತ್ತರ ಬರಬಾರದಿತ್ತು.

---

ಕರ್ವೆ_ರಸ್ತೆ

ಡೊಂಬಿವಲಿಯವ್ರು ಹೇಳಿದ್ದು ಖರೆ. ಆದ್ರ ಭಾಷಾದಾಗ ನಾಲ್ಕು ಕಡೆ ಕಾಲು ಜಾರತದ, ನೋಡ್ರಿ.

ಸ್ವರ-ವ್ಯಂಜನದ ಹಾಳಿ ಬ್ಯಾಡೇ ಬ್ಯಾಡ. ಇಂಗ್ಲಿಷ್ ಲಿಪಿಯೊಳಗ ಸ್ವರದ ಅಕ್ಷರ ಬ್ಯಾರೆ, ವ್ಯಂಜನದ್ದು ಬ್ಯಾರೆ. ನಮ್ಮ 'ಕ' ಅಂದ್ರ ಕ್ ಮತ್ತ ಅ ಕೂಡಿದ್ದು. ವ್ಯಾಕರಣ ಕಲಿಸಿದ ಮಾಸ್ತರೊಬ್ರು ಸಭಾದಾಗ ಇದ್ರ 'ಕ'ದಾಗೂ ಸ್ವರ ಅದ ಅಂತ ಆ ಕಾರ್ಡೂ ತಿರುವ್ತಾರ. ಅವರದು ತಪ್ಪು ಅನ್ನಲಿಕ್ಕೆ ನಿಮಗ ಬಾಯಿ ಇರೂದಿಲ್ಲ. "ಒಂದು ಬದಿ ಗ ಇದ್ದರೆ ಇನ್ನೊಂದು ಬದಿ 3 ಇರುತ್ತದೆ" ಅಂತ ಮಾಡ್ರಿ, ಕಾರ್ಡು ಗ, ಸ, 3, 8. ಅಂಕಿ ಹಿಂಗೇ ಇರ್ಲಿ, ಕನ್ನಡ ಅಂಕಿ ಹಾಕಬ್ಯಾಡ್ರಿ. ಮರಾಠಿ ಸಾಲಿಗೆ ಹೋದ ಹುಡುಗರು ಅಲ್ಲೇ ತಡವರಸ್ತಾರ.

ಮುಂದಿಂದು ದೊಡ್ಡದು. 'ಇರುತ್ತದೆ' ಮತ್ತ 'ಇರಬೇಕು' ಒಂದ ಅಲ್ಲ. 'ಇರುತ್ತದೆ' ಅಂದ ಕೂಡ್ಲೆ ಕೇಳಾಂವ ಆ ಮಾತು ನಿಜ ಏನು ಅಂತ ವಿಚಾರ ಮಾಡ್ತಾನ. 'ಇರಬೇಕು' ಅಂದ್ರ ಮಾತು ನಿಜ-ಸುಳ್ಳಿನ ಪ್ರಶ್ನಿನ ಹೋತು, ಮುರದಾಂವ ಯಾರು ಅಂತ ಕಣ್ಣು ಹೊಳ್ಳತದ. 'ಬೇಕು' ಅನ್ನೂ ಒಂದು ಪದ ಅಷ್ಟು ಕೆಲಸ ಮಾಡತದ. ಈಗ 'ಅ' ಹಾಳಿಯೊಳಗ 'ಇರುತ್ತದೆ', 'ಆ' ಒಳಗ 'ಇರಬೇಕು' ಅದ. ಫಲ ಬಂದದ್ದು ಜೇನಿನ ಆಸೆಯಿಂದೋ 'ಬೇಕು'ದಿಂದೋ? ಚೆಂಗ್ ಮತ್ತ ಹೋಲಿಯೋಕ್ 1985ರಾಗ ಇದನ್ನ ಹೇಳ್ಯಾರ: ಅಪ್ಪಣಿ ಕೊಡೂ ನಿಯಮ ಯಾವುದಿದ್ರೂ ಮಂದಿ ಛಲೋ ವಿಚಾರ ಮಾಡ್ತಾರ, ಮೋಸದ ಮಾತೇ ಬೇಕಾಗಿಲ್ಲ ಅಂತ.

ಅದಕ್ಕ ಇನ್ನೊಂದು ಹಾಳಿ ಹಾಕ್ರಿ. ಅದರಾಗ 'ಬೇಕು' ಇರ್ಲಿ, ಯಾರಿಗೂ ಲಾಭ ಇರಬಾರ್ದು. "ದ್ವೀಪದ ಗುಮಾಸ್ತ ಜನರ ಹೆಸರು ಬರೆಯುತ್ತಿದ್ದಾನೆ. ಪೂರ್ವದ ಊರಿನವರ ಹೆಸರು ನೀಲಿ ವಹಿಯಲ್ಲಿ ಇರಬೇಕು. ಅವನು ಎಲ್ಲಾದರೂ ತಪ್ಪಿದ್ದಾನೆಯೇ?" ಕಾರ್ಡು: ಪೂರ್ವದವರು, ಪಶ್ಚಿಮದವರು, ನೀಲಿ ವಹಿ, ಹಸಿರು ವಹಿ. ಯಾವ ವಹಿಯೊಳಗ ಹೆಸರು ಬಿದ್ರ ಯಾರಿಗೇನು? ಕಾಸ್ಮಿಡಿಸ್ ಮತ್ತ ಜಾನ್ ಟೂಬಿ ಸಾಲಿ ಹುಡುಗರ ಕಾಗದ ವಿಂಗಡಿಸೂ ಇಂಥದ ನಿಯಮ ಕೊಟ್ಟು ನೋಡಿದ್ರು, ಲಾಭದ ವಾಸನೆ ಇಲ್ಲದಲ್ಲೆ ಸರಿ ಉತ್ತರ ಇಳೀತು. ಇದನ್ನ ಹಾಳಿ 'ಈ' ಅನ್ರಿ.

'ಇ' ಹಾಳಿಯೊಳಗ "ತಿನ್ನುತ್ತಾರೆ" ಅಂತ ಇರೂದನ್ನ ಯಾರರೆ ತಿದ್ದಿ "ತಿನ್ನಬಹುದು" ಮಾಡಿದ್ರ ಆಟ ಕೆಟ್ಟಂಗ. 'ಬಹುದು' ಅಂದ ಮ್ಯಾಲೆ ದಾರ ಇದ್ದಾಂವ ತಿನ್ನದಿದ್ರೂ ತಪ್ಪಲ್ಲ, ಆಗ ಮೋಸಗಾರನ್ನ ಹಿಡಿಯೂದೇ ಸರಿಯುತ್ತರ ಆಗಿಬಿಡತದ. ತಿರುವಿನ ಅರ್ಥಾನ ಹೋತು. ಅಚ್ಚಿಗೆ ಕೊಡೂ ಮುಂದ ಈ ಸಾಲು ಎರಡು ಸಲ ಓದ್ರಿ, ಕರಡು ತಿದ್ದಾವ್ರ ಕೈ ಇಲ್ಲೇ ಬಂದು ಕೂಡತದ.

ಕಡೀದು, ನಮ್ಮ '-ರೆ'. "ಮಾರ್ಕ್ಸ್ ಬಂದರೆ ಸೈಕಲ್ ಕೊಡಿಸುತ್ತೇನೆ" ಅಂದ್ರ ಹುಡುಗ ಏನು ತಿಳಕೋತಾನ? ಬರದಿದ್ರ ಸೈಕಲ್ ಇಲ್ಲ ಅಂತನೂ ತಿಳಕೋತಾನ. ಹಿಂಗ ಎರಡೂ ಕಡೆಯಿಂದ ಓದಿದಾವ್ರು ನಾಲ್ಕೂ ಕಾರ್ಡು ತಿರುವ್ತಾರ, ಅವರ ಓದಿಗೆ ಅದು ಸರಿನ ಅದ. ನಾಲ್ಕೂ ಗೀಚಿದ ಹಾಳಿ ನೋಡಿ "ಇವರು ಆಲಸಿಗಳು" ಅನಬ್ಯಾಡ್ರಿ, ಬ್ಯಾರೆ ಎಣಿಸ್ರಿ.

---

ಸಾಯನ್_ಸಂಜೆ

ಇಬ್ಬರಿಗೂ ಬಹಳ ಉಪಕಾರವಾಯಿತು. 'ಕ'ದ ಸಂಗತಿ ಹೊಳೆದೇ ಇರಲಿಲ್ಲ. ಹಾಗಾದರೆ ಅಕ್ಷರದ ಹಾಳೆ, ಅ, ಆ, ಇ, ಈ, ಒಟ್ಟು ಐದಾಯಿತು. 60 ಜನರಿಗೆ ಐದು ಹಂಚಬಹುದೇ? ಎಲ್ಲರಿಗೂ ಐದೂ ಕೊಟ್ಟುಬಿಡಲೇ? ಫಸ್ಟ್ ಕ್ಲಾಸ್ ಹಾಳೆಯನ್ನು ಬಿಡಲು ಮನಸ್ಸಿಲ್ಲ, ಜನ ನಗುವುದು ಅದಕ್ಕೇ.

---

ಜುವಾರಿ_ದಂಡೆ

ಒಬ್ಬರಿಗೆ ಒಂದೇ ಹಾಳೆ. ಎರಡು ಕೊಟ್ಟರೆ ಮೊದಲನೆಯದು ಎರಡನೆಯದಕ್ಕೆ ಪಾಠವಾಗುತ್ತದೆ. ಅದರಲ್ಲೂ 'ಆ' ಮಾಡಿದವರಿಗೆ 'ಅ' ಕೊಟ್ಟರೆ ಎಲ್ಲ ಕಡೆ ಜೇನುಕಳ್ಳನೇ ಕಾಣುತ್ತಾನೆ.

ಐದು ಗುಂಪು ಮಾಡಿದರೆ ತಲಾ 12 ಜನ, ನಾಲ್ಕು ಮಾಡಿದರೆ ತಲಾ 15. ಹದಿನೈದರ ಎರಡು ಗುಂಪುಗಳ ನಡುವೆ ಸರಿಯುತ್ತರದಲ್ಲಿ ಸುಮಾರು 6 ಜನರ ವ್ಯತ್ಯಾಸ ಬಂದರೆ ಮಾತ್ರ ಅದು ಆಕಸ್ಮಿಕದ ಆಟವಲ್ಲ ಅಂತ ಧೈರ್ಯವಾಗಿ ಹೇಳಬಹುದು. ಅಂದರೆ ನೂರಕ್ಕೆ 40ರಷ್ಟು ಅಂತರ. ಹನ್ನೆರಡರ ಗುಂಪಿನಲ್ಲಿ ಆ ಅಂತರ 40 ದಾಟುತ್ತದೆ. ನಿಮ್ಮ ಸಭೆಯಲ್ಲಿ 'ಅ' ಮತ್ತು 'ಆ' ನಡುವಿನ ಅಂತರ ಕಾಣಬಹುದು, 'ಆ' ಮತ್ತು 'ಈ' ನಡುವಿನದು ಕಾಣದೆಯೂ ಹೋಗಬಹುದು. ಕಾಣದಿದ್ದರೆ ಹಾಗೆಂದೇ ಹೇಳಿ. ವಾಸ್ಕೋ, ಪುಣೆಯ ಎಣಿಕೆಯನ್ನು ಕೂಡಿಸಿದರೆ ತಲಾ 45 ಆಗುತ್ತದೆ, ಆಗ ನೂರಕ್ಕೆ ಸುಮಾರು 21ರ ಅಂತರ ಸಾಕು.

ಆದ್ದರಿಂದ ಅಕ್ಷರದ ಹಾಳೆಯನ್ನು ಹಂಚಲೇಬೇಡಿ. ಅದರ ಫಲ ಜಗತ್ತಿಗೆಲ್ಲ ಗೊತ್ತಿರುವಂಥದ್ದು, ಎಣಿಕೆ ಮುಗಿದ ಮೇಲೆ ಗೋಡೆಯ ಮೇಲೆ ತೋರಿಸಿ. ಹಂಚುವುದು ಅ, ಆ, ಇ, ಈ ಮಾತ್ರ.

ಹಂಚುವ ರೀತಿ: ನಾಲ್ಕನ್ನೂ ಮೊದಲೇ ಅ-ಆ-ಇ-ಈ, ಅ-ಆ-ಇ-ಈ ಅಂತ ಒಂದರ ಮೇಲೊಂದು ಜೋಡಿಸಿ ಸಾಲಾಗಿ ಕೊಡುತ್ತಾ ಹೋಗಿ. ಪಕ್ಕದವರ ಹಾಳೆ ಬೇರೆಯೇ ಆಗಿರುವುದರಿಂದ ಇಣುಕಿದರೂ ನಷ್ಟವಿಲ್ಲ. ಹಿಂದಿನ ಸಾಲಿಗೆಲ್ಲ ಒಂದೇ ಹಾಳೆ ಹೋಗುವಂತೆ ಮಾತ್ರ ಮಾಡಬೇಡಿ, ಹಿಂದೆ ಕೂರುವವರು ತಡವಾಗಿ ಬಂದವರು ಅಥವಾ ಕಾಲೇಜು ಹುಡುಗರು. ಕಾರ್ಡುಗಳ ಕ್ರಮವನ್ನೂ ಅರ್ಧ ಹಾಳೆಗಳಲ್ಲಿ ಉಲ್ಟಾ ಅಚ್ಚು ಹಾಕಿಸಿ. ಸಮಯ 4 ನಿಮಿಷ. ಪೆನ್ನು ಕೊಡಿ, ಪೆನ್ಸಿಲ್ ಕೊಟ್ಟರೆ ಅಳಿಸಿ ಪಕ್ಕದವರದ್ದನ್ನು ಬರೆಯುತ್ತಾರೆ. ಕೈ ಎತ್ತಿಸುವುದಂತೂ ಬೇಡ. ಮುಂದಿನ ಸಾಲಿನ ಹಿರಿಯರು ಕೈ ಎತ್ತಿದರೆ ಹಿಂದಿನ ಅರ್ಧ ಸಭೆ ಎತ್ತುತ್ತದೆ.

ಎಣಿಸುವಾಗ ಸರಿ-ತಪ್ಪು ಅಂತ ಎರಡೇ ಬುಟ್ಟಿ ಇಡಬೇಡಿ. ನಾಲ್ಕು ಕಾರ್ಡಿನಲ್ಲಿ ಗುರುತು ಹಾಕುವ ಬಗೆ ಒಟ್ಟು 16. ಸುಮ್ಮನೆ ಗೀಚಿದವನಿಗೂ 16ರಲ್ಲಿ ಒಂದು ಸಲ ಸರಿಯುತ್ತರ ಸಿಗುತ್ತದೆ, ಅಂದರೆ 15 ಜನರಲ್ಲಿ ಒಬ್ಬ ಹೆಚ್ಚುಕಡಿಮೆ ಅದೃಷ್ಟದಿಂದಲೇ ಪಾಸು. ಐದು ಬುಟ್ಟಿ ಸಾಕು: ತಿಂದ + ದಾರ ಇಲ್ಲ, ತಿಂದ + ದಾರ ಇದೆ, ತಿಂದ ಮಾತ್ರ, ನಾಲ್ಕೂ, ಮತ್ತು ಉಳಿದದ್ದು. 'ಈ' ಹಾಳೆಗೆ ಪೂರ್ವ ಮತ್ತು ವಹಿ ಇಟ್ಟು ಇದೇ ಲೆಕ್ಕ. 'ಇ' ಹಾಳೆಗೆ ಮಾತ್ರ 'ದಾರ ಇದೆ + ತಿನ್ನಲಿಲ್ಲ' ಎಂಬ ಇನ್ನೊಂದು ಬುಟ್ಟಿ ಸೇರಿಸಿ. ಎರಡನೇ ಬುಟ್ಟಿ, ಅಂದರೆ ನಿಯಮದಲ್ಲಿ ಹೆಸರು ಬಂದ ಕಾರ್ಡುಗಳನ್ನೇ ಆರಿಸುವುದು, 'ಅ'ದಲ್ಲಿ ತುಂಬುತ್ತದೆ. ಜೊನಾಥನ್ ಎವನ್ಸ್ ಇದನ್ನು 1970ರ ದಶಕದಲ್ಲೇ ತೋರಿಸಿದ್ದರು. "ಗ ಇದ್ದರೆ 3 ಇರುವುದಿಲ್ಲ" ಅಂತ ನಿಯಮ ಬದಲಿಸಿದರೂ ಜನ ಗ ಮತ್ತು 3ನ್ನೇ ಆರಿಸುತ್ತಾರೆ, ಆಗ ಅದು ತಾನಾಗಿಯೇ ಸರಿಯುತ್ತರ! ಗೋಡೆಯ ಮೇಲೆ ತೋರಿಸಲು ಇದು ಚೆನ್ನ.

ಹಾಳೆಯ ಕೊನೆಯಲ್ಲಿ ಒಂದು ಚೌಕ: "ಈ ಒಗಟು ಮೊದಲೇ ಗೊತ್ತಿತ್ತು." ಗುರುತು ಹಾಕಿದವರನ್ನು ಲೆಕ್ಕದಿಂದ ಬಿಡಿ. ಆಹ್ವಾನ ಪತ್ರಿಕೆಯಲ್ಲಿ 'ಮೋಸ' ಎಂಬ ಪದ ಎಲ್ಲೂ ಇರಕೂಡದು, ಇದ್ದರೆ ಬರುವಾಗಲೇ ಎಲ್ಲರೂ ಟಿಸಿ ಆಗಿರುತ್ತಾರೆ.

ಫಸ್ಟ್ ಕ್ಲಾಸ್ ಹಾಳೆ ಕೊನೆಗೆ ನಗಿಸಲು ಇರಲಿ, ಆದರೆ ಅದರಲ್ಲೂ ಒಂದು ತೂತಿದೆ. ಸೆಕೆಂಡ್ ಕ್ಲಾಸ್ ಡಬ್ಬಿಯಲ್ಲಿ ಕೂತವನ ಹತ್ತಿರ ಪಾಸೇ ಇಲ್ಲದಿರಬಹುದಲ್ಲ? ಟಿಸಿ ಅವನನ್ನೂ ಕೇಳುತ್ತಾನೆ. "ಎಲ್ಲರ ಹತ್ತಿರವೂ ಯಾವುದೋ ಒಂದು ಪಾಸ್ ಇದೆ" ಎಂಬ ಸಾಲು ಸೇರಿಸಿ. ಲೇಡೀಸ್ ಡಬ್ಬಿಯ ನಿಯಮಕ್ಕೆ ಹೋಗಬೇಡಿ, 12ರೊಳಗಿನ ಹುಡುಗರಿಗೆ ಅಲ್ಲಿ ಅವಕಾಶ ಇದೆ, ವಾದ ಶುರುವಾಗುತ್ತದೆ. ವಾಸ್ಕೋದಲ್ಲಿ ಲೋಕಲ್ ಹಾಳೆ ನಡೆಯುವುದಿಲ್ಲ. ಬಾರಿನ ಹಾಳೆ ಮಾಡೋಣ ಅಂದರೆ ಗೋವಾದಲ್ಲಿ 18, ಮಹಾರಾಷ್ಟ್ರದಲ್ಲಿ ಬಿಯರ್‌ಗೆ 21, ಗಟ್ಟಿ ಮದ್ಯಕ್ಕೆ 25. ಒಂದೇ ಹಾಳೆ ಮೂರು ಊರಿಗೆ ಹೊಂದುವುದಿಲ್ಲ. ಪುಣೆಯಲ್ಲಿ ಹೆಲ್ಮೆಟ್ ಹಾಳೆ? ಬೇಡಪ್ಪ. ಅಲ್ಲಿ ಅದು ತರ್ಕದ ಪ್ರಶ್ನೆಯಲ್ಲ, ಸ್ವಾಭಿಮಾನದ ಪ್ರಶ್ನೆ.

---

ಮುಲುಂಡ್_ಪಶ್ಚಿಮ

ಹಾಳೆಗಳು ಈಗ ಚೆನ್ನಾಗಿವೆ. ಆದರೆ 'ಇ' ಹಾಳೆ ಅಂದುಕೊಂಡ ಹಾಗೆ ಬಂದರೂ "ವಿಕಾಸ ಕೂರಿಸಿದ ಯಂತ್ರ" ಅನ್ನುವ ತನಕ ಇನ್ನೂ ದೂರ ಇದೆ.

ಮೊದಲು ವಾದದ ಬೇರು ಎಲ್ಲಿದೆ ಅಂತ ಸಭೆಗೆ ಹೇಳಬೇಕು, ಇಲ್ಲದಿದ್ದರೆ ವಿಕಾಸಕ್ಕೂ ಕಾರ್ಡಿಗೂ ಏನು ಸಂಬಂಧ ಅಂತ ಕೇಳುತ್ತಾರೆ. ಜೀವವಿಜ್ಞಾನಿ ರಾಬರ್ಟ್ ಟ್ರಿವರ್ಸ್ 1971ರಲ್ಲಿ ಕೇಳಿದ್ದು ಇದು: ರಕ್ತಸಂಬಂಧ ಇಲ್ಲದವರಿಗೆ ಸಹಾಯ ಮಾಡುವ ಗುಣ ನೈಸರ್ಗಿಕ ಆಯ್ಕೆಯಲ್ಲಿ ಉಳಿಯುವುದು ಹೇಗೆ? ಇಂದು ನಾನು, ನಾಳೆ ನೀನು ಅಂತ ನಡೆದರೆ ಉಳಿಯುತ್ತದೆ. ಆದರೆ ಪಡೆದು ತಿರುಗಿ ಕೊಡದವನನ್ನು ಗುರುತಿಸದಿದ್ದರೆ ಅವನ ಸಂತಾನವೇ ಹೆಚ್ಚುತ್ತದೆ, ಕೊಡುವವರು ಅಳಿಯುತ್ತಾರೆ. ಜೆರಾಲ್ಡ್ ವಿಲ್ಕಿನ್ಸನ್ 1984ರಲ್ಲಿ ಕೋಸ್ಟರಿಕಾದ ರಕ್ತ ಹೀರುವ ಬಾವಲಿಗಳ ಬಗ್ಗೆ ಬರೆದದ್ದು ಇದಕ್ಕೆ ಹಿಡಿದ ದೀಪ. ಎರಡು-ಮೂರು ರಾತ್ರಿ ರಕ್ತ ಸಿಗದಿದ್ದರೆ ಬಾವಲಿ ಸಾಯುತ್ತದೆ. ಹೊಟ್ಟೆ ತುಂಬಿದ ಬಾವಲಿ ಹಸಿದದ್ದಕ್ಕೆ ಕಕ್ಕಿ ಕೊಡುತ್ತದೆ, ಆದರೆ ಯಾರಿಗೆಂದರೆ ಅವರಿಗಲ್ಲ, ನೆಂಟರಿಗೆ ಮತ್ತು ಜೊತೆಯಲ್ಲೇ ನೇತಾಡಿ ರೂಢಿಯಾದವರಿಗೆ. ಕಾಸ್ಮಿಡಿಸ್ ಕಾರ್ಡು ಹಿಡಿದು ಹೊರಟದ್ದು ಇಲ್ಲಿಂದ: ಇಂಥ ಕೊಡುಕೊಳ್ಳುವಿಕೆ ನಮ್ಮ ಪೂರ್ವಿಕರಲ್ಲಿ ದೀರ್ಘಕಾಲ ಇದ್ದದ್ದಾದರೆ, ಕೊಡದವನನ್ನು ಗುರುತಿಸಲೆಂದೇ ಒಂದು ಪ್ರತ್ಯೇಕ ಸಾಮರ್ಥ್ಯ ಬೆಳೆದಿರಬೇಕು. ಫಲ ನೋಡಿ ಆಮೇಲೆ ಹೊಸೆದ ಕಥೆ ಅಲ್ಲ ಇದು, ಮುಂಚೆಯೇ ಹೇಳಿ ಆಮೇಲೆ ನೋಡಿದ್ದು. ಅಷ್ಟಕ್ಕಾದರೂ ಈ ಕೆಲಸಕ್ಕೆ ಗೌರವ ಸಲ್ಲಬೇಕು.

ಈಗ ಎದುರು ವಾದ. ಡ್ಯಾನ್ ಸ್ಪರ್ಬರ್, ಕಾರಾ, ಜಿರೊಟ್ಟೊ ಮೂವರು 1995ರಲ್ಲಿ ತೋರಿಸಿದ್ದೇನೆಂದರೆ, ಮೋಸವೂ ಇಲ್ಲ ಲಾಭವೂ ಇಲ್ಲದ ಸಾದಾ ವರದಿಯ ನಿಯಮದಲ್ಲೂ ಜನರನ್ನು ಸರಿಯುತ್ತರಕ್ಕೆ ತರಬಹುದು. 'ಜೇನು ತಿಂದ, ದಾರ ಇಲ್ಲ' ಎಂಬ ಜೋಡಿ ಕೇಳುಗನ ತಲೆಯಲ್ಲಿ ಮೊದಲೇ ಮೂಡುವ ಹಾಗೆ ಕಥೆ ಕಟ್ಟಿದರೆ ಸಾಕು. ನಿಮ್ಮ 'ಅ' ಹಾಳೆಯಲ್ಲಿ "ದಾರವಿಲ್ಲದವರೂ ಅಲ್ಲಿ ಜೇನು ತಿನ್ನುತ್ತಾರೆ ಅಂತ ಇನ್ನೊಬ್ಬ ವಾದಿಸುತ್ತಾನೆ" ಎಂಬ ಒಂದು ಸಾಲು ಸೇರಿಸಿದರೆ ಅಂತರ ಕರಗಬಹುದು. ಹಾಗಾಗಿ ಕಾರ್ಡಿನ ಆಟ ಅಳೆಯುವುದು ತರ್ಕಕ್ಕಿಂತ ಹೆಚ್ಚಾಗಿ ಮಾತನ್ನು ಅರ್ಥ ಮಾಡಿಕೊಳ್ಳುವ ಬಗೆಯನ್ನು ಎಂಬುದು ಅವರ ವಾದ. ನನಗೆ ಇದು ಅರ್ಧ ಒಪ್ಪಿಗೆ. 'ಅ' ಮತ್ತು 'ಆ' ನಡುವಿನ ಅಂತರವನ್ನು ಇದು ಚೆನ್ನಾಗಿ ವಿವರಿಸುತ್ತದೆ, ಮುಂದೆ ಹೇಳುವ ರೋಗಿಯನ್ನು ವಿವರಿಸುವುದಿಲ್ಲ.

ಲಾಭ-ಮೋಸ ಇಲ್ಲದ ಇನ್ನೊಂದು ಬಗೆಯ ನಿಯಮದಲ್ಲೂ ಜನ ಬಲು ಚುರುಕು: "ಆಸಿಡ್ ಮುಟ್ಟುವಾಗ ಕೈಗವಸು ಹಾಕಿರಬೇಕು." ಎಚ್ಚರಿಕೆಯ ನಿಯಮ. ಇಲ್ಲಿ ಯಾರೂ ಯಾರಿಗೂ ವಂಚಿಸುತ್ತಿಲ್ಲ, ಆದರೂ ಸರಿಯುತ್ತರ 'ಆ' ಹಾಳೆಯಷ್ಟೇ ಬರುತ್ತದೆ. ಹಾಗಾದರೆ ಯಂತ್ರ ಒಂದೋ ಎರಡೋ? ಇದಕ್ಕೆ ಬೆಳಕು ಚೆಲ್ಲಿದ್ದು ಆರ್.ಎಂ. ಎಂಬ ಸಂಕೇತಾಕ್ಷರದಿಂದ ಗೊತ್ತಿರುವ ಒಬ್ಬ ರೋಗಿ. ಸೈಕಲ್ ಅಪಘಾತದಲ್ಲಿ ಅವನ ಕಣ್ಣುಗುಡ್ಡೆಯ ಮೇಲ್ಭಾಗದ ಮಿದುಳು ಮತ್ತು ಎರಡೂ ಬದಿಯ ಕಣತಲೆ ಭಾಗದ ಮಿದುಳಿನ ಮುಂತುದಿ ಪೆಟ್ಟು ತಿಂದಿದ್ದವು, ಭಾವನೆಗಳಿಗೆ ಸಂಬಂಧಿಸಿದ ಅಮಿಗ್ಡಲಾ ಎಂಬ ಭಾಗದ ಸಂಪರ್ಕ ಕಡಿದಿತ್ತು. 2002ರಲ್ಲಿ ಪ್ರಕಟವಾದ ಲೆಕ್ಕ: ಎಚ್ಚರಿಕೆಯ ನಿಯಮಗಳಲ್ಲಿ ಅವನು ನೂರಕ್ಕೆ 70 ಸರಿ, ಕೊಡುಕೊಳ್ಳುವ ನಿಯಮಗಳಲ್ಲಿ 39 ಮಾತ್ರ. ತರ್ಕ ಒಂದೇ, 'ಬೇಕು' ಎರಡರಲ್ಲೂ ಇದೆ, ಒಂದು ಮುರಿದಿದೆ, ಇನ್ನೊಂದು ನಿಂತಿದೆ. ಎರಡೂ ಒಂದೇ ಸಾಮರ್ಥ್ಯ ಆಗಿದ್ದರೆ ಹೀಗೆ ಬಿರಿಯಬಾರದಿತ್ತು. ಆದರೆ ಒಬ್ಬ ರೋಗಿ ಒಬ್ಬನೇ. ಸಭೆಯಲ್ಲಿ ಹೇಳುವಾಗ "ಒಬ್ಬನಲ್ಲಿ" ಎಂಬ ಪದ ನುಂಗಬೇಡಿ.

ಪಾಠ ಹೇಳಿಕೊಟ್ಟದ್ದು ಸಮಾಜವೇ ಇರಬಾರದೇಕೆ ಅಂತ ಒಬ್ಬರಾದರೂ ಕೇಳುತ್ತಾರೆ. ಎರಡು ಉತ್ತರ ಇಟ್ಟುಕೊಂಡಿರಿ. ಈಕ್ವೆಡಾರ್‌ನ ಅಮೆಜಾನ್ ಕಾಡಿನ ಶಿವಿಯಾರ್ ಜನರಲ್ಲಿ ಸುಗಿಯಾಮ, ಟೂಬಿ, ಕಾಸ್ಮಿಡಿಸ್ ಇದನ್ನು ಮಾಡಿ 2002ರಲ್ಲಿ ಬರೆದರು. ಬೇಟೆ, ತೋಟದ ಬೆಳೆ ಮೇಲೆ ಬದುಕುವ ಆ ಜನ ಮೋಸ ಬಯಲು ಮಾಡುವ ಕಾರ್ಡುಗಳನ್ನು ಹಾರ್ವರ್ಡ್ ವಿದ್ಯಾರ್ಥಿಗಳಷ್ಟೇ ಚೆನ್ನಾಗಿ ಆರಿಸಿದರು. ಡೆನಿಸ್ ಕಮ್ಮಿನ್ಸ್ 1996ರಲ್ಲಿ 3-4 ವರ್ಷದ ಮಕ್ಕಳಿಗೆ ಆಟಿಕೆ ಇಲಿ (ಕೆಲವು ಹಿಚುಕಿದರೆ ಕೀಚು ಅನ್ನುತ್ತವೆ) ಕೊಟ್ಟು ನೋಡಿದರು: "ಕೀಚು ಇಲಿಗಳು ಮನೆಯೊಳಗೇ ಇರಬೇಕು" ಅಂದಾಗ ಮಕ್ಕಳು ಹೊರಗಿದ್ದ ಇಲಿಯನ್ನು ಹಿಚುಕಿ ನೋಡಿದರು, "ಕೀಚು ಇಲಿಗಳೆಲ್ಲ ಒಳಗಿವೆ" ಎಂಬ ಮಾತನ್ನು ಪರೀಕ್ಷಿಸುವಾಗ ಅಷ್ಟು ಚೆನ್ನಾಗಿ ಮಾಡಲಿಲ್ಲ. ಕರ್ವೆ ರಸ್ತೆಯವರ 'ಬೇಕು' ಮೂರು ವರ್ಷಕ್ಕೇ ಕೆಲಸ ಶುರು ಮಾಡುತ್ತದೆ ಅಂತಾಯಿತು. ಆದರೆ ಮೂರು ವರ್ಷದ ಮಗು ಅಷ್ಟರಲ್ಲಿ ಸಾವಿರ ಸಲ "ಬೇಡ" ಕೇಳಿರುತ್ತದೆ, ಹಾಗಾಗಿ ಕಲಿಕೆಯ ಬಾಗಿಲು ಇದರಿಂದ ಮುಚ್ಚುವುದಿಲ್ಲ.

"ಯಂತ್ರ ಕೂರಿಸಿದೆ" ಎಂಬ ಸಾಲನ್ನು ತೆಗೆದು ಇದನ್ನು ಹಾಕಿ: "ಕೊಡುಕೊಳ್ಳುವ ಮಾತು ಬಂದ ಕೂಡಲೇ ನಮ್ಮ ಗಮನ ಪುಕ್ಕಟೆ ಪಡೆದವನ ಕಡೆ ಹರಿಯುತ್ತದೆ, ತರ್ಕ ಬೇರೆ ಹೇಳಿದರೂ ಹರಿಯುತ್ತದೆ. ಟ್ರಿವರ್ಸ್ ಲೆಕ್ಕ ಹಿಡಿದು ಕಾಸ್ಮಿಡಿಸ್ ಇದನ್ನು ಮುಂಚೆಯೇ ಊಹಿಸಿದ್ದರು. ಇದಕ್ಕೆಂದೇ ಪ್ರತ್ಯೇಕ ಸಾಮರ್ಥ್ಯ ಇದೆಯೇ ಎಂಬುದರಲ್ಲಿ ಸಂಶೋಧಕರಲ್ಲಿ ಇನ್ನೂ ಜಗಳ ಇದೆ." ಜೀನ್ ಎಂಬ ಪದ ಇಡೀ 45 ನಿಮಿಷದಲ್ಲಿ ಬಾರದಿರಲಿ. ಕಾರ್ಡುಗಳು ಅದರ ಬಗ್ಗೆ ಏನೂ ಹೇಳುವುದಿಲ್ಲ.

---

ಸಾಯನ್_ಸಂಜೆ

ಸಾಲು ಬದಲಿಸಿದೆ. ಕೊನೆಯದಾಗಿ ಒಂದು. ಸಭೆಗೆ ಮಾಟುಂಗಾ ಕಡೆಯ ಹೋಟೆಲ್‌ಗಳಲ್ಲಿ ದುಡಿಯುವವರೂ ಬರುತ್ತಾರೆ, ಒಂದಿಬ್ಬರು ಮಾಲೀಕರೂ. ಅವರಿಗೆ ಹತ್ತಿರವಾಗುವ ಹಾಳೆ ಏನಾದರೂ ಇದೆಯೇ? ಎಣಿಕೆಗೆ ಅಲ್ಲ, ಕೊನೆಯ ಹತ್ತು ನಿಮಿಷಕ್ಕೆ.

---

ಡೊಂಬಿವಲಿ_ಸ್ಲೋ

ಗಿಗರೆನ್ಝರ್ ಮತ್ತು ಹೂಗ್ 1992ರಲ್ಲಿ ಮಾಡಿದ್ದು ನಿಮಗೆ ಹೇಳಿ ಮಾಡಿಸಿದಂತಿದೆ. ನಿಯಮ (ಅವರಲ್ಲಿ ವಾರಾಂತ್ಯ, ಇಲ್ಲಿ ಭಾನುವಾರ): "ಭಾನುವಾರ ಕೆಲಸ ಮಾಡಿದವನಿಗೆ ವಾರದ ನಡುವೆ ಒಂದು ದಿನ ರಜೆ ಸಿಗುತ್ತದೆ." ಕಾರ್ಡು: ಭಾನುವಾರ ಮಾಡಿದ, ಭಾನುವಾರ ಮಾಡಲಿಲ್ಲ, ರಜೆ ಸಿಕ್ಕಿತು, ರಜೆ ಸಿಗಲಿಲ್ಲ. ಅರ್ಧ ಜನರಿಗೆ "ನೀವು ಕೆಲಸಗಾರ", ಉಳಿದರ್ಧಕ್ಕೆ "ನೀವು ಮಾಲೀಕ". ನಿಯಮ ಅಕ್ಷರಶಃ ಒಂದೇ. ಕೆಲಸಗಾರನ ಜಾಗದಲ್ಲಿ ನಿಂತವರು 'ಮಾಡಿದ' ಮತ್ತು 'ಸಿಗಲಿಲ್ಲ' ತಿರುಗಿಸುತ್ತಾರೆ, ಮಾಲೀಕನ ಜಾಗದವರು 'ಮಾಡಲಿಲ್ಲ' ಮತ್ತು 'ಸಿಕ್ಕಿತು'. ಒಬ್ಬನಿಗೆ ಮೋಸ ಅನ್ನಿಸುವುದು ಇನ್ನೊಬ್ಬನ ಕಣ್ಣಿಗೇ ಬೀಳುವುದಿಲ್ಲ.

ನಿಜವಾದ ಮಾಲೀಕರಿಗೆ ಕೆಲಸಗಾರನ ಹಾಳೆ ಕೊಡಿ, ದುಡಿಯುವವರಿಗೆ ಮಾಲೀಕನದ್ದು. ಅದಲು ಬದಲಾದರೂ ಉತ್ತರ ಹಾಳೆಯನ್ನೇ ಅನುಸರಿಸುತ್ತದೆಯೋ ಅಂತ ಅಲ್ಲೇ ಕಾಣುತ್ತದೆ.

---

ಕರ್ವೆ_ರಸ್ತೆ

ಒಂದು ತಿದ್ದುಪಡಿ. ಮಾಲೀಕನ ಹಾಳಿಯೊಳಗ "ಕೆಲಸದವರ ಮೇಲೆ ನಿಮಗೆ ಅನುಮಾನ ಬಂದಿದೆ" ಅಂತೇನರೆ ಬರದೀರಿ. ಅಷ್ಟು ಬರದ್ರ ಉತ್ತರ ಹೇಳಿಕೊಟ್ಟಂಗ. ಎರಡೂ ಹಾಳಿ ಮ್ಯಾಲೆ "ನಿಯಮ ಸರಿಯಾಗಿ ನಡೆಯುತ್ತಿದೆಯೇ ನೋಡಿ" ಅನ್ನೂದೊಂದ ಸಾಲು ಇರ್ಲಿ. ಮತ್ತ "ಸಿಗುತ್ತದೆ" ಅಂತನ ಇರ್ಲಿ, "ಸಿಗಬೇಕು" ಮಾಡಬ್ಯಾಡ್ರಿ. 'ಸಿಗಬೇಕು' ಅಂದ ಕೂಡ್ಲೆ ಹಾಳಿ ಕೆಲಸಗಾರನ ಕಡೆ ವಾಲತದ.